ಮನೆಯಲ್ಲಿರುವ ಕಟಾನಾ ಕತ್ತಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಕ್ರಮ: ಬಿಚ್ಚುವುದರಿಂದ ಮತ್ತೆ ಒರೆಗೆ ಸೇರಿಸುವವರೆಗೆ

"ತಪ್ಪದೆ ಎಣ್ಣೆ ಹಚ್ಚುತ್ತಿದ್ದೇನೆ, ಆದರೂ ತುಕ್ಕು ಬಂತು." ಅಲಂಕಾರಕ್ಕೆಂದು ಜಪಾನಿ ಕತ್ತಿ ಇಟ್ಟುಕೊಂಡವರಿಂದ ನಾನು ಜಾಸ್ತಿ ಕೇಳುವ ಮಾತು ಇದೇ. ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಕಾರಣ ಬಹುಮಟ್ಟಿಗೆ ಒಂದೇ ಇರುತ್ತದೆ. ಹಳೇ ಎಣ್ಣೆಯ ಮೇಲೇ ಹೊಸ ಎಣ್ಣೆ ಹಚ್ಚಿರುತ್ತಾರೆ. ಬೆರಳಿನ ಬೆವರು, ದೂಳು, ತೇವ ಎಲ್ಲ ಕೆಳಗೇ ಉಳಿದು, ಅದರ ಮೇಲೆ ಎಣ್ಣೆ ಕೂತಿರುತ್ತದೆ. ತುಕ್ಕು ಆ ಎಣ್ಣೆಯ ಅಡಿಯಲ್ಲೇ ಶುರುವಾಗುತ್ತದೆ.

ಎಣ್ಣೆ ಹಚ್ಚುವುದು ಈ ಕೆಲಸದ ಕೊನೆಯ ಭಾಗ. ಅದಕ್ಕೂ ಮುಂಚೆ ಗುರುತಿಸುವುದು, ಬಿಚ್ಚುವುದು, ಹಳೆಯದನ್ನು ತೆಗೆಯುವುದು, ಕಣ್ಣಿಟ್ಟು ನೋಡುವುದು ಇದೆ. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ಎಣ್ಣೆ ತಂದರೂ ಸುಮ್ನೆ ದಂಡ. ಮೊದಲ ಸಲ ಒಂದು ಗಂಟೆ ಬೇಕು. ಕೈ ಕೂತ ಮೇಲೆ ಇಪ್ಪತ್ತು ನಿಮಿಷ ಸಾಕು.

ಹಂತ 1: ನಿಮ್ಮ ಹತ್ತಿರ ಇರುವುದು ಯಾವ ಕತ್ತಿ?

ಇದನ್ನು ಹಾರಿಸಬೇಡಿ. ಒಂದು ಬಗೆಯ ಕತ್ತಿಗೆ ಒಳ್ಳೆಯದಾಗುವ ಕೆಲಸ ಇನ್ನೊಂದನ್ನು ಹಾಳು ಮಾಡುತ್ತದೆ.

ಮೊದಲು ಒಂದು ಚಿಕ್ಕ ಮ್ಯಾಗ್ನೆಟ್ ತನ್ನಿ. ಅದಕ್ಕೊಂದು ತೆಳು ಬಟ್ಟೆ ಸುತ್ತಿ ಅಲಗಿನ ಬೆನ್ನಿಗೆ ಮೆಲ್ಲಗೆ ತಾಗಿಸಿ. ಎಳೆಯದಿದ್ದರೆ ಅದು ಸತುವು ಮತ್ತು ಅಲ್ಯೂಮಿನಿಯಂ ಬೆರೆಸಿದ ಲೋಹ. ಜಪಾನಿನಲ್ಲಿ ಅಭ್ಯಾಸಕ್ಕೆ ಬಳಸುವ ಇಐತೊ ಕತ್ತಿಗಳು ಸಾಮಾನ್ಯವಾಗಿ ಇದರಿಂದಲೇ ಆಗಿರುತ್ತವೆ. ಇದಕ್ಕೆ ಕೆಂಪು ತುಕ್ಕು ಬರುವುದಿಲ್ಲ. ಆದರೆ ಮೇಲಿನ ಹೊಳಪಿನ ಲೇಪ ತೆಳ್ಳಗಿರುತ್ತದೆ, ಉಜ್ಜಿದರೆ ಹೋಗುತ್ತದೆ.

ಮ್ಯಾಗ್ನೆಟ್ ಎಳೆದರೆ ಅದು ಕಾರ್ಬನ್ ಸ್ಟೀಲೇ ಎಂದು ತೀರ್ಮಾನಿಸಬೇಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ ಅನ್ನುವ ನಂಬಿಕೆ ಅಡುಗೆಮನೆ ಪಾತ್ರೆಗಳಿಂದ ಬಂದದ್ದು. ಅಲ್ಲಿ ಬಳಸುವುದು ಹೆಚ್ಚಾಗಿ 304 ದರ್ಜೆಯ ಸ್ಟೀಲು. ಅಲಂಕಾರದ ಕತ್ತಿಗಳಿಗೆ ಬಳಸುವ 420 ಮತ್ತು 440 ದರ್ಜೆಗೆ ಮ್ಯಾಗ್ನೆಟ್ ಚೆನ್ನಾಗಿಯೇ ಅಂಟುತ್ತದೆ. ಹಾಗಾಗಿ ಮಾರಿದವರು ಕೊಟ್ಟ ವಿವರ ನೋಡಿ. 1045, 1060, 1095 ಎಂದು ಬರೆದಿದ್ದರೆ ಕಾರ್ಬನ್ ಸ್ಟೀಲು. ಕೊನೆಯ ಎರಡು ಅಂಕಿ ಕಾರ್ಬನ್ನಿನ ಅಳತೆ ಹೇಳುತ್ತವೆ: 1060 ಅಂದರೆ ಸುಮಾರು ಶೇ. 0.60. ಈ ಜಾತಿಯ ಸ್ಟೀಲಿಗೆ ಒಂದೇ ರಾತ್ರಿಯಲ್ಲಿ ಬೆರಳಚ್ಚಿನ ಆಕಾರದಲ್ಲಿ ತುಕ್ಕು ಮೂಡಬಹುದು. ಈ ಬರಹ ಮುಖ್ಯವಾಗಿ ಇಂಥ ಕತ್ತಿ ಇರುವವರಿಗೆ.

ಎರಡನೆಯದಾಗಿ ಹಿಡಿ ನೋಡಿ. ಹಿಡಿಗೆ ದಾರ ಸುತ್ತಿರುತ್ತದಲ್ಲ, ಅದರ ಸಂದಿನಲ್ಲಿ ಒಂದು ಅಥವಾ ಎರಡು ಬಿದಿರಿನ ಬೆಣೆ ಕಾಣಬೇಕು. ಇದಕ್ಕೆ ಮೆಕುಗಿ ಎಂದು ಹೆಸರು. ಬೆಣೆ ಕಂಡರೆ ಕತ್ತಿಯನ್ನು ಬಿಚ್ಚಬಹುದು. ಬೆಣೆ ಇಲ್ಲದೆ ಹಿಡಿಯ ತುದಿಯಲ್ಲಿ ಒಂದು ನಟ್ಟು ಕಂಡರೆ, ಒಳಗೆ ಅಲಗಿನ ಬುಡಕ್ಕೆ ತೆಳ್ಳನೆ ಸರಳು ಬೆಸುಗೆ ಹಾಕಿರುವ ಸಾಧ್ಯತೆ ಜಾಸ್ತಿ. ಇಂಥ ಕತ್ತಿಯನ್ನು ಬಿಚ್ಚಬೇಡಿ, ಬೀಸಲಂತೂ ಬೇಡವೇ ಬೇಡ. ಬೆಸುಗೆ ಬಿಟ್ಟರೆ ಅಲಗು ಹಿಡಿಯಿಂದ ಹಾರಿ ಹೋಗುತ್ತದೆ. ಇದಕ್ಕೆ 3, 5, 6, 8ನೇ ಹಂತ ಮತ್ತು ಕೊನೆಯ ಎರಡು ಭಾಗ ಸಾಕು.

ಇನ್ನೊಂದು ಸಾಧ್ಯತೆ ಇದೆ. ಕತ್ತಿ ಅಂಗಡಿಯಿಂದ ಬಂದದ್ದಲ್ಲ, ತಾತನ ಪೆಟ್ಟಿಗೆಯಿಂದ ಬಂದದ್ದು. 1945ರಲ್ಲಿ ಬರ್ಮಾ, ಮಲಯ, ಸಿಂಗಪುರಗಳಲ್ಲಿ ಜಪಾನಿ ಅಧಿಕಾರಿಗಳು ಕತ್ತಿ ಒಪ್ಪಿಸಿ ಶರಣಾದರು. ಆ ಯುದ್ಧದಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಇದ್ದರು. ಸೇನೆಯ ನಂಟಿರುವ ಮನೆಗಳಲ್ಲಿ ಅಂಥ ಕತ್ತಿ ಇದ್ದರೆ ಆಶ್ಚರ್ಯವಿಲ್ಲ. ಅವುಗಳಲ್ಲಿ ಬಹಳಷ್ಟು ಕಾರ್ಖಾನೆಯಲ್ಲಿ ತಯಾರಾದವು. ಕೆಲವಕ್ಕೆ ಮಾತ್ರ ಸೇನೆಯ ಹಿಡಿಯೊಳಗೆ ನೂರಾರು ವರ್ಷ ಹಳೆಯ ಮನೆತನದ ಅಲಗು ಇರುತ್ತದೆ. ನಿಮ್ಮದು ಹಾಗಿರಬಹುದು ಅನ್ನಿಸಿದರೆ ಮೆಲ್ಲಗೆ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಅಷ್ಟಕ್ಕೆ ನಿಲ್ಲಿಸಿ. ಬೇರೆ ಏನೂ ಮಾಡಬೇಡಿ.

ಹಂತ 2: ಸಾಮಾನು

ಜಪಾನಿನಲ್ಲಿ ಇದಕ್ಕೆಂದೇ ಒಂದು ಪೆಟ್ಟಿಗೆ ಸಿಗುತ್ತದೆ. ಬೆಣೆ ಹೊಡೆಯುವ ಪುಟ್ಟ ಹಿತ್ತಾಳೆ ಸುತ್ತಿಗೆ, ಚೋಜಿ ಎಣ್ಣೆ, ಒರೆಸುವ ಕಾಗದ, ಉಚಿಕೊ ಎಂಬ ಪುಡಿಯ ಗಂಟು, ಇವಿಷ್ಟು ಅದರಲ್ಲಿರುತ್ತವೆ. ಚೋಜಿ ಎಂದರೆ ಲವಂಗ. ಆದರೆ ಬಾಟಲಿಯಲ್ಲಿ ಇರುವುದು ಹೆಚ್ಚಾಗಿ ಖನಿಜ ತೈಲ, ಲವಂಗದ ಎಣ್ಣೆ ವಾಸನೆಗೆ ಸ್ವಲ್ಪ ಮಾತ್ರ.

ಪೆಟ್ಟಿಗೆ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಫಿನ್ ಕೇಳಿ, ಅದು ಶುದ್ಧ ಖನಿಜ ತೈಲ. ಹೊಲಿಗೆ ಯಂತ್ರದ ಎಣ್ಣೆಯೂ ಆಗುತ್ತದೆ. ಹಳೇ ಎಣ್ಣೆ ತೆಗೆಯಲು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. 70 ಪ್ರತಿಶತದ್ದು ಬೇಡ, ಉಳಿದ 30 ಪ್ರತಿಶತ ನೀರೇ. ಸ್ಯಾನಿಟೈಸರ್ ಕೂಡ ಬೇಡ. ಅದರಲ್ಲಿ ನೀರಿನ ಜೊತೆ ಗ್ಲಿಸರಿನ್ ಕೂಡ ಇರುತ್ತದೆ.

ಇವುಗಳ ಜೊತೆ ಮೂರು ನಾಲ್ಕು ಹೊಸ ಮೈಕ್ರೋಫೈಬರ್ ಬಟ್ಟೆ, ವಾಸನೆ ಅಥವಾ ಲೋಷನ್ ಬೆರೆಸದ ಟಿಶ್ಯೂ, ನೈಟ್ರೈಲ್ ಕೈಗವಸು, ಚಿಕ್ಕ ಸುತ್ತಿಗೆ, ಬೆಣೆಯ ತೂತಿಗಿಂತ ಸಣ್ಣಗಿರುವ ಹಿತ್ತಾಳೆ ಅಥವಾ ಗಟ್ಟಿ ಮರದ ಕಡ್ಡಿ ಇರಲಿ. ಹಾಸಲು ಒಂದು ದಪ್ಪ ಟವೆಲ್. ಕಾರು ಒರೆಸಿದ ಮೈಕ್ರೋಫೈಬರ್ ಬಟ್ಟೆಯನ್ನು ಎಷ್ಟು ಒಗೆದಿದ್ದರೂ ತರಬೇಡಿ. ಅದರೊಳಗೆ ಕೂತ ಒಂದು ಮರಳಿನ ಕಣ ಸಾಕು, ಅಲಗಿನ ಉದ್ದಕ್ಕೂ ಗೆರೆ ಎಳೆಯುತ್ತದೆ.

ಈಗ ಬೇಡದ್ದರ ಬಗ್ಗೆ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳ ಅಭ್ಯಾಸಗಳೇ ಇಲ್ಲಿ ಮುಳುವಾಗುತ್ತವೆ. ಹಿತ್ತಾಳೆ ದೀಪ ತಿಕ್ಕುವ ಹುಣಸೆಹಣ್ಣು, ನಿಂಬೆಹಣ್ಣು ಎರಡೂ ಹುಳಿ. ಹಿತ್ತಾಳೆಯ ಕಿಲುಬು ಬಿಡಿಸುವ ಹುಳಿಯೇ ಸ್ಟೀಲಿನ ಮೈ ತಿನ್ನುತ್ತದೆ. ಕುಡುಗೋಲಿಗೆ, ಮಚ್ಚಿಗೆ ಹಚ್ಚುವ ಕೊಬ್ಬರಿ ಎಣ್ಣೆಯೂ ಇಲ್ಲಿ ಆಗದು. ಮಚ್ಚು ದಿನಾ ಕೆಲಸ ಮಾಡುತ್ತದೆ, ಎಣ್ಣೆ ನಿಲ್ಲುವುದೇ ಇಲ್ಲ. ಕತ್ತಿ ತಿಂಗಳುಗಟ್ಟಲೆ ಒರೆಯಲ್ಲಿರುತ್ತದೆ. ಅಡುಗೆ ಎಣ್ಣೆ ಯಾವುದೇ ಇರಲಿ, ಗಾಳಿ ತಾಗಿ ಜಿಗುಟಾಗಿ, ಹುಳಿಯಾಗಿ, ಹಳದಿ ಪೊರೆ ಕಟ್ಟುತ್ತದೆ. ಮರಳು ಕಾಗದ, ಸ್ಟೀಲ್ ಜುಂಗು, ಪಾತ್ರೆ ಪೌಡರ್, ಲೋಹ ಹೊಳೆಸುವ ಪಾಲಿಶ್ ಯಾವುದೂ ಹತ್ತಿರ ಬರಬಾರದು. ಡಬ್ಲ್ಯೂಡಿ-40 ನೀರು ಬಿದ್ದಾಗ ತಕ್ಷಣಕ್ಕೆ ಉಪಯೋಗ, ನಿಜ. ಆದರೆ ಅದರ ಪೊರೆ ಬಹಳ ತೆಳು, ತಿಂಗಳುಗಟ್ಟಲೆ ಕಾಪಾಡುವುದಿಲ್ಲ.

ಉಚಿಕೊ ಪುಡಿಯ ಬಗ್ಗೆ ನನ್ನ ಅಭಿಪ್ರಾಯ: ಅಲಂಕಾರದ ಕತ್ತಿಗೆ ಬೇಡ. ಅದು ಮೆರುಗು ಕೊಡುವ ಕಲ್ಲಿನ ನುಣ್ಣನೆ ಪುಡಿ. ನುಣ್ಣಗಿದ್ದರೂ ಅದು ಕಲ್ಲೇ. ಅಗ್ಗದ ಪೆಟ್ಟಿಗೆಗಳಲ್ಲಿ ಬರುವ ಪುಡಿ ಎಷ್ಟೋ ಸಲ ದೊರಗಾಗಿರುತ್ತದೆ. ಒಳ್ಳೇ ಅಲಗಿಗೂ ಪದೇ ಪದೇ ಬಳಸಿದರೆ ಹೊಳಪು ಮಂಕಾಗುತ್ತದೆ. ಆಲ್ಕೊಹಾಲ್ ಮತ್ತು ಮೃದು ಬಟ್ಟೆಯಿಂದ ಅದೇ ಕೆಲಸ ಆಗುವಾಗ ಯಾಕೆ ಬೇಕು, ಅಲ್ವಾ?

ಹಂತ 3: ಒರೆಯಿಂದ ತೆಗೆಯುವುದು

ಮನೆಯಲ್ಲಿ ಮಕ್ಕಳಿದ್ದರೆ ಕೋಣೆಯ ಬಾಗಿಲು ಹಾಕಿಕೊಳ್ಳಿ. ಫ್ಯಾನ್ ಆರಿಸಿ. ದೀಪ, ಊದುಬತ್ತಿ, ಗ್ಯಾಸ್ ಹತ್ತಿರ ಇರಬಾರದು, ಆಲ್ಕೊಹಾಲಿಗೆ ಬೇಗ ಬೆಂಕಿ ಹತ್ತುತ್ತದೆ. ಮಾತೂ ಕಡಿಮೆ ಇರಲಿ. ಮಾತಾಡುವಾಗ ಹಾರುವ ಎಂಜಲಿನ ಸಣ್ಣ ಹನಿ ಅಲಗಿನ ಮೇಲೆ ಚುಕ್ಕೆ ತುಕ್ಕಾಗಿ ನಿಲ್ಲುತ್ತದೆ.

ಕತ್ತಿಯ ಹರಿತವಾದ ಕಡೆ ಮೇಲೆ ಬರುವಂತೆ ಹಿಡಿಯಿರಿ. ಎಡಗೈಯಲ್ಲಿ ಒರೆ, ಬಲಗೈಯಲ್ಲಿ ಹಿಡಿ. ಎಡಗೈ ಬೆರಳುಗಳು ಒರೆಯ ಬಾಯಿಯ ಮೇಲ್ಭಾಗಕ್ಕೆ ಬರಬಾರದು. ಅಲಗು ಹೊರಬರುವಾಗ ಹರಿತ ಅಲ್ಲೇ ಹಾದು ಹೋಗುತ್ತದೆ. ಮೊದಲು ಸುಮಾರು ಒಂದು ಇಂಚು ಮಾತ್ರ ಸಡಿಲಿಸಿ, ಗಟ್ಟಿಯಿದ್ದರೆ ಮೆಲ್ಲಗೆ ಹಿಡಿತ ಬಿಗಿಗೊಳಿಸಿ. ಜಗ್ಗಿ ಎಳೆಯಬೇಡಿ. ಆಮೇಲೆ ಅಲಗಿನ ಬೆನ್ನು ಒರೆಯ ತಳಕ್ಕೆ ಒರಗಿಕೊಂಡೇ ಜಾರುವಂತೆ, ಒಂದೇ ಸಮನೆ ಎಳೆಯಿರಿ. ಹರಿತ ಮೇಲಿರಬೇಕು ಅನ್ನುವುದು ಇದಕ್ಕೇ. ಹರಿತ ಕೆಳಗಿದ್ದರೆ ಅದು ಒರೆಯ ಮರವನ್ನು ಕೆತ್ತುತ್ತಾ ಬರುತ್ತದೆ. ಆ ಮರದ ಪುಡಿ ಒಳಗೇ ಉಳಿದು ಮುಂದೆ ಅಲಗಿಗೆ ಗೀರು ಹಾಕುತ್ತದೆ.

ಎಚ್ಚರಿಕೆಯ ಲಕ್ಷಣ: ಎಳೆಯುವಾಗ ಕಿರ್ ಎಂದು ಕೆರೆದ ಸದ್ದು ಬಂದರೆ ನಿಲ್ಲಿಸಿ, ಕೋನ ಸರಿಮಾಡಿ.

ಹಂತ 4: ಬಿಚ್ಚುವುದು

ಬಿಚ್ಚುವ ಮುಂಚೆ ಎರಡೂ ಬದಿಯಿಂದ ಫೋಟೊ ತೆಗೆಯಿರಿ. ಮುಂದೆ ಒಂದೊಂದು ತುಂಡು ಬಿಚ್ಚಿದಾಗಲೂ ತೆಗೆಯಿರಿ. ತುಂಡುಗಳು ನೋಡಲು ಎರಡೂ ಕಡೆ ಒಂದೇ ರೀತಿ ಕಾಣುತ್ತವೆ, ಆದರೆ ಕೂರುವುದು ಒಂದೇ ರೀತಿಯಲ್ಲಿ.

ಬೆಣೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಸಣ್ಣ ಕಡೆಯಿಂದ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿದರೆ ದಪ್ಪ ಕಡೆಯಿಂದ ಹೊರಬರುತ್ತದೆ. ಬರದಿದ್ದರೆ ನೀವು ತಪ್ಪು ಕಡೆಯಿಂದ ಹೊಡೆಯುತ್ತಿದ್ದೀರಿ, ಇಲ್ಲವೇ ಅದಕ್ಕೆ ಅಂಟು ಹಾಕಿದ್ದಾರೆ. ಎರಡು ಬೆಣೆ ಇರುವ ಅಲಂಕಾರದ ಕತ್ತಿಗಳಲ್ಲಿ ಒಂದನ್ನು ಅಂಟು ಹಾಕಿಯೇ ಕೂರಿಸಿರುವುದುಂಟು. ಆಗ ಬಲ ಹಾಕಬೇಡಿ. ಬಿಚ್ಚದೆಯೇ ಮುಂದಿನ ಹಂತಕ್ಕೆ ಹೋಗಿ.

ಬೆಣೆ ಬಂದ ಮೇಲೆ ಎಡಗೈಯಲ್ಲಿ ಹಿಡಿಯ ತುದಿಭಾಗ ಹಿಡಿದು, ಅಲಗನ್ನು ಮೇಲ್ಮುಖವಾಗಿ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಹರಿತ ನಿಮ್ಮ ಕಡೆ ಇರಬಾರದು. ಈಗ ಬಲಗೈ ಮುಷ್ಟಿಯಿಂದ ನಿಮ್ಮ ಎಡ ಮಣಿಕಟ್ಟಿಗೆ ಹಗುರವಾಗಿ ಗುದ್ದಿ. ಕತ್ತಿಗೆ ಅಲ್ಲ, ಮಣಿಕಟ್ಟಿಗೆ. ಆ ಅದುರಿಗೆ ಅಲಗು ಹಿಡಿಯಿಂದ ಮೆಲ್ಲಗೆ ಮೇಲೇಳುತ್ತದೆ. ಎರಡು ಮೂರು ಸಲ ಸಾಕಾಗಬಹುದು. ಅಲಗು ಸಡಿಲವಾದ ತಕ್ಷಣ ಬಲಗೈಯಲ್ಲಿ ಬಟ್ಟೆ ಹಿಡಿದು ಅಲಗಿನ ಬುಡದ ಲೋಹದ ಪಟ್ಟಿಯನ್ನು ಹಿಡಿಯಿರಿ, ಆಮೇಲೆ ಹಿಡಿಯನ್ನು ಕೆಳಕ್ಕೆ ಎಳೆಯಿರಿ. ಜೋರಾಗಿ ಗುದ್ದಿದರೆ ಅಲಗು ಒಮ್ಮೆಲೇ ಜಿಗಿಯುತ್ತದೆ. ಕೈ ಕುಯ್ದುಕೊಳ್ಳುವುದು ಹೆಚ್ಚಾಗಿ ಈ ಗಳಿಗೆಯಲ್ಲೇ. ಆರೇಳು ಸಲ ಗುದ್ದಿದರೂ ಬರದಿದ್ದರೆ ಬಿಟ್ಟುಬಿಡಿ.

ಹಿಡಿ ಬಂದ ಮೇಲೆ ಉಳಿದವು ಈ ಕ್ರಮದಲ್ಲಿ ಹೊರಬರುತ್ತವೆ: ವಾಷರ್ ಇದ್ದ ಹಾಗಿರುವ ತೆಳು ಬಿಲ್ಲೆ, ಅಂದರೆ ಸೆಪ್ಪಾ. ಕೈ ಕಾಯುವ ದೊಡ್ಡ ಬಿಲ್ಲೆ, ತ್ಸುಬಾ. ಇನ್ನೊಂದು ಸೆಪ್ಪಾ. ಕೊನೆಗೆ ಅಲಗಿನ ಬುಡದ ಪಟ್ಟಿ, ಹಬಾಕಿ. ಬಂದ ಕ್ರಮದಲ್ಲೇ ಟವೆಲ್ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡಿ.

ಈಗ ಕಾಣುವುದು ಅಲಗಿನ ಬಾಲ. ಜಪಾನಿಯಲ್ಲಿ ನಕಾಗೊ ಎನ್ನುತ್ತಾರೆ. ಅದರ ಮೇಲೆ ಕಂದು ಅಥವಾ ಕಪ್ಪು ತುಕ್ಕು ಇದ್ದರೆ ಮುಟ್ಟಬೇಡಿ. ಹಳೇ ಕತ್ತಿಗಳಲ್ಲಿ ತಯಾರಿಸಿದವರ ಹೆಸರು ಇಲ್ಲೇ ಕೆತ್ತಿರುತ್ತದೆ. ಆ ತುಕ್ಕಿನ ಬಣ್ಣ ನೋಡಿಯೇ ತಿಳಿದವರು ವಯಸ್ಸು ಅಂದಾಜು ಮಾಡುತ್ತಾರೆ. ಚೊಕ್ಕಟ ಮಾಡಲು ಹೋಗಿ ಬಾಲ ಉಜ್ಜಿದವರು ಆ ಕತ್ತಿಯ ಬೆಲೆಯನ್ನು, ಅದಕ್ಕಿಂತ ಹೆಚ್ಚಾಗಿ ಅದರ ಗುರುತನ್ನೇ ಅಳಿಸಿದ್ದಾರೆ. ಅದನ್ನು ಮತ್ತೆ ತರುವ ದಾರಿ ಇಲ್ಲ. ದೂಳಿದ್ದರೆ ಒಣ ಬಟ್ಟೆಯಿಂದ ಒಮ್ಮೆ ಸವರಿ, ಅಷ್ಟೇ.

ಹಂತ 5: ಹಳೇ ಎಣ್ಣೆ ತೆಗೆಯುವುದು

ಕೆಲಸದ ತಿರುಳು ಇದೇ ಹಂತ. ಇಲ್ಲಿ ಅವಸರ ಬೇಡ.

ಟಿಶ್ಯೂವನ್ನು ನಾಲ್ಕು ಮಡಿಕೆ ಮಾಡಿ. ಅಲಗಿನ ಬೆನ್ನಿನ ಕಡೆಯಿಂದ ಹೊದಿಸಿ, ಎರಡು ಬದಿಯನ್ನೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಗುರವಾಗಿ ಹಿಡಿಯಿರಿ. ಹರಿತ ಬಟ್ಟೆಯ ಹೊರಗೆ, ನಿಮ್ಮ ಅಂಗೈಯಿಂದ ದೂರ ಇರಬೇಕು. ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಹಿಂದಕ್ಕೆ ಮುಂದಕ್ಕೆ ಉಜ್ಜಬೇಡಿ. ತುದಿ ಹತ್ತಿರ ಬಂದಾಗ ಕೈ ನಿಧಾನವಾಗಲಿ, ಅಲಗು ಅಲ್ಲಿ ಬಾಗಿ ಬೆರಳಿಗೆ ಹತ್ತಿರವಾಗುತ್ತದೆ.

ಪ್ರತಿ ಎಳೆತಕ್ಕೂ ಟಿಶ್ಯೂವಿನ ಹೊಸ ಮಡಿಕೆ ತಿರುಗಿಸಿ. ಇದನ್ನು ಯಾರೂ ಮಾಡುವುದಿಲ್ಲ, ಅಲಗಿನ ಮೇಲಿನ ಸಣ್ಣ ಗೀರುಗಳಿಗೆ ಇದೇ ಕಾರಣ. ಮೊದಲ ಎಳೆತದಲ್ಲಿ ಎತ್ತಿಕೊಂಡ ದೂಳನ್ನೇ ಎರಡನೇ ಎಳೆತದಲ್ಲಿ ಅಲಗಿಗೆ ತಿಕ್ಕಿದ ಹಾಗಾಗುತ್ತದೆ.

ಒಣ ಟಿಶ್ಯೂ ಆದ ಮೇಲೆ ಮೈಕ್ರೋಫೈಬರ್ ಬಟ್ಟೆಗೆ ಆಲ್ಕೊಹಾಲ್ ಹಾಕಿ, ತೊಟ್ಟಿಕ್ಕದಷ್ಟು ಒದ್ದೆ ಮಾಡಿ, ಅದೇ ರೀತಿ ಎಳೆಯಿರಿ. ಆಲ್ಕೊಹಾಲನ್ನು ನೇರ ಅಲಗಿನ ಮೇಲೆ ಸುರಿಯಬೇಡಿ. ಬಿಚ್ಚದ ಕತ್ತಿಯಲ್ಲಿ ಅದು ಹಿಡಿಯೊಳಗೆ ಇಳಿದು, ದಾರದ ಬಣ್ಣ ಬಿಡಿಸುತ್ತದೆ, ಅಂಟು ಸಡಿಲಿಸುತ್ತದೆ. ಒರೆಯ ಮೆರುಗಿಗೂ ಅದು ಶತ್ರು. ಬಟ್ಟೆಯಲ್ಲಿ ಹಳದಿ ಅಥವಾ ಬೂದು ಕಲೆ ಬರುವುದು ನಿಲ್ಲುವವರೆಗೆ ಮಾಡಿ. ಕೊನೆಗೆ ಒಣ ಬಟ್ಟೆಯಿಂದ ಒಂದು ಎಳೆತ.

ಕೆಲಸ ಆಯಿತೆಂದು ತಿಳಿಯುವುದು ಹೇಗೆ? ಬಲ್ಬಿನ ಬೆಳಕು ಅಲಗಿನ ಮೇಲೆ ಬಿದ್ದಾಗ ಕಾಮನಬಿಲ್ಲಿನ ಬಣ್ಣ ಕಾಣಬಾರದು. ಕಂಡರೆ ಇನ್ನೂ ಎಣ್ಣೆ ಇದೆ ಎಂದರ್ಥ.

ಹಂತ 6: ಕಣ್ಣಿಟ್ಟು ನೋಡುವುದು

ಕೋಣೆಯ ದೊಡ್ಡ ದೀಪ ಆರಿಸಿ, ಒಂದೇ ಬಲ್ಬಿನ ಕಡೆಗೆ ಅಲಗಿನ ತುದಿ ತೋರಿಸಿ, ಬುಡದ ಕಡೆಯಿಂದ ಅದರ ಉದ್ದಕ್ಕೂ ನೋಡಿ. ಬೆಳಕು ಅಲಗಿನ ಮೇಲೆ ಜಾರುವಾಗ ಎಲ್ಲ ಕಾಣುತ್ತದೆ. ಬರಿ ಅಲಗಿನಲ್ಲಿ ಮಾತ್ರ ಇದು ಸಾಧ್ಯ. ಎಣ್ಣೆ ಹೊಳಪು ಎಲ್ಲ ದೋಷವನ್ನೂ ಮುಚ್ಚುತ್ತದೆ.

ಕಿತ್ತಳೆ ಅಥವಾ ಕೆಂಪು ಬಣ್ಣದ, ಒರೆಸಿದರೆ ಬಟ್ಟೆಗೆ ಅಂಟುವ ಚುಕ್ಕೆ ಹೊಸ ತುಕ್ಕು. ಅದು ಬೆಳೆಯುತ್ತಿದೆ, ಇವತ್ತೇ ನಿಲ್ಲಿಸಬೇಕು. ಕಪ್ಪು ಅಥವಾ ಕಡು ಕಂದು, ಬಟ್ಟೆಗೆ ಅಂಟದ ಕಲೆ ಹಳೆಯದು. ಎಣ್ಣೆ ಕೆಳಗೆ ಸಾಮಾನ್ಯವಾಗಿ ಅದು ಹಾಗೇ ನಿಂತಿರುತ್ತದೆ. ತುಕ್ಕು ಪ್ರತಿ ಸಲ ಒಂದೇ ಜಾಗದಲ್ಲಿ, ಅದರಲ್ಲೂ ಒರೆಯ ಬಾಯಿಯಿಂದ ಸ್ವಲ್ಪ ಒಳಗೆ ಬರುವ ಭಾಗದಲ್ಲಿ ಬಂದರೆ ತಪ್ಪು ಅಲಗಿನದಲ್ಲ, ಒರೆಯದು. ಸರಿಯಾಗಿ ಒಣಗದ ಮರದಿಂದ ಮಾಡಿದ ಒರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಜಪಾನಿನಲ್ಲಿ ಒರೆಗೆ ಹೊನೊಕಿ ಎಂಬ ಮರವನ್ನು ವರ್ಷಗಟ್ಟಲೆ ಒಣಗಿಸಿ ಬಳಸುವುದು ಇದಕ್ಕೇ.

ಹರಿತದ ಉದ್ದಕ್ಕೂ ಮೋಡದಂತೆ ಕಾಣುವ ಬಿಳಿ ಅಲೆಗೆ ಹಾಮೊನ್ ಎಂದು ಹೆಸರು. ಅಲಂಕಾರದ ಕತ್ತಿಗಳಲ್ಲಿ ಎಷ್ಟೋ ಸಲ ಇದನ್ನು ಆಮ್ಲದಿಂದ ಅಥವಾ ತಂತಿ ಬ್ರಷ್‌ನಿಂದ ಮೇಲ್ಮೈಯಲ್ಲಿ ಮೂಡಿಸಿರುತ್ತಾರೆ. ಅದನ್ನು ಕಲೆ ಎಂದು ತಿಳಿದು ಪಾಲಿಶ್ ಹಾಕಿ ಅಳಿಸಿಕೊಂಡವರಿದ್ದಾರೆ.

ಹರಿತಕ್ಕೆ ಅಡ್ಡಲಾಗಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕಿರಬಹುದು. ಆ ಕತ್ತಿ ಇನ್ನು ನೋಡಲು ಮಾತ್ರ.

ಹಂತ 7: ಹೊಸ ತುಕ್ಕು ಸಿಕ್ಕರೆ

ಹೊಸದಾಗಿ ತಯಾರಾದ ಅಲಂಕಾರದ ಕತ್ತಿಗೆ ಮಾತ್ರ ಈ ಹಂತ. ಚುಕ್ಕೆಯ ಮೇಲೆ ಒಂದು ಹನಿ ಖನಿಜ ತೈಲ ಬಿಟ್ಟು ಒಂದು ದಿನ ಹಾಗೇ ಇಡಿ. ಮಾರನೇ ದಿನ ಟಿಶ್ಯೂವಿನಿಂದ ಒರೆಸಿ. ಎಷ್ಟೋ ಚುಕ್ಕೆ ಇಷ್ಟಕ್ಕೇ ಬಿಡುತ್ತವೆ. ಬಿಡದಿದ್ದರೆ ಇನ್ನೂ ಎರಡು ಮೂರು ದಿನ ಅದನ್ನೇ ಮಾಡಿ. ಆಗಲೂ ಉಳಿದದ್ದನ್ನು ಹಾಗೇ ಬಿಟ್ಟು, ಎಣ್ಣೆ ಕೆಳಗೆ ಇಟ್ಟು, ತಿಂಗಳಿಗೊಮ್ಮೆ ಫೋಟೊ ತೆಗೆದು ಬೆಳೆಯುತ್ತಿದೆಯೇ ನೋಡಿ. ಚುಕ್ಕೆ ಉಜ್ಜಿ ತೆಗೆದರೆ ಆ ಜಾಗ ಮಾತ್ರ ಬೇರೆ ಹೊಳಪಿನಲ್ಲಿ ನಿಲ್ಲುತ್ತದೆ. ಅದನ್ನು ಸರಿಮಾಡಲು ಪಕ್ಕದ ಜಾಗ ಉಜ್ಜುತ್ತೀರಿ, ಆಮೇಲೆ ಅದರ ಪಕ್ಕದ್ದು. ಹೀಗೆ ಇಡೀ ಅಲಗು ಹಾಳಾದದ್ದನ್ನು ನೋಡಿದ್ದೇನೆ. ಚುಕ್ಕೆ ಇರುವ ಕತ್ತಿ ಅದಕ್ಕಿಂತ ಎಷ್ಟೋ ವಾಸಿ.

ಹಳೇ ಅಲಗಿನ ತುಕ್ಕು ತೆಗೆಯುವುದು ತೊಗಿಶಿ, ಅಂದರೆ ಕಲ್ಲಿನಲ್ಲಿ ಕತ್ತಿ ಮಸೆದು ಮೆರುಗು ಕೊಡುವ ತರಬೇತಾದ ಕಸುಬುದಾರರ ಕೆಲಸ. ಊರಿನ ಸಾಣೆ ಹಿಡಿಯುವವರ ಕೈಗೆ ದಯವಿಟ್ಟು ಕೊಡಬೇಡಿ. ತಿರುಗುವ ಸಾಣೆಕಲ್ಲಿನ ಬಿಸಿಗೆ ಹರಿತದ ಹದ ಹೋಗುತ್ತದೆ, ಆಕಾರವೂ ಹೋಗುತ್ತದೆ.

ಹಂತ 8: ಎಣ್ಣೆ

ಈಗ ಎಣ್ಣೆಯ ಸರದಿ. ಶುದ್ಧ ಬಟ್ಟೆಗೆ ಎರಡು ಮೂರು ಹನಿ. ಇಡೀ ಅಲಗಿಗೆ ಇಷ್ಟು ಸಾಕು. ಬುಡದಿಂದ ತುದಿಗೆ, ಬೆನ್ನಿನ ಕಡೆಯಿಂದ ಹಿಡಿದು, ಹಿಂದಿನ ಹಾಗೇ ಎಳೆಯಿರಿ. ಬೆನ್ನಿಗೂ ಹಚ್ಚಲು ಮರೆಯಬೇಡಿ, ತುಕ್ಕು ಹಿಡಿದ ಬೆನ್ನುಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಬಾಕಿ ಕೂರುವ ಜಾಗಕ್ಕೂ ಒಂದು ಕೈ ಸವರಿ.

ಅಲಗಿನ ಮೇಲೆ ಎಣ್ಣೆ ಮಣಿ ಮಣಿಯಾಗಿ ನಿಂತರೆ ಜಾಸ್ತಿಯಾಯಿತು. ಒಣ ಟಿಶ್ಯೂವಿನಿಂದ ಒಮ್ಮೆ ಸವರಿ ಹೆಚ್ಚಿದ್ದನ್ನು ತೆಗೆಯಿರಿ. ಹೆಚ್ಚು ಎಣ್ಣೆ ಹೆಚ್ಚು ರಕ್ಷಣೆ ಅನ್ನುವುದು ತಪ್ಪು. ಹೆಚ್ಚಾದದ್ದು ಒರೆಯ ಮರ ಕುಡಿಯುತ್ತದೆ, ಅಲ್ಲಿ ದೂಳು ಹಿಡಿದುಕೊಂಡು ಕೂರುತ್ತದೆ. ಒರೆಗೆ ಸೇರಿಸಿ ಮಾರನೇ ದಿನ ಒರೆಯ ಬಾಯಲ್ಲಿ ಎಣ್ಣೆಯ ಗೆರೆ ಕಂಡರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ. ಒರೆಯ ಒಳಗೆ ಎಣ್ಣೆ ಬಿಡುವುದಂತೂ ಬೇಡ.

ಹಂತ 9: ಜೋಡಿಸುವುದು

ಬಿಚ್ಚಿದ್ದರ ಉಲ್ಟಾ ಕ್ರಮ: ಹಬಾಕಿ, ಸೆಪ್ಪಾ, ತ್ಸುಬಾ, ಸೆಪ್ಪಾ, ಹಿಡಿ, ಬೆಣೆ. ಫೋಟೊ ನೋಡಿಕೊಳ್ಳಿ. ಹಿಡಿಯೊಳಗೆ ಬಾಲ ಸೇರಿಸಿದ ಮೇಲೆ ಅಲಗು ಮೇಲ್ಮುಖವಾಗಿ ಹಿಡಿದು, ಹಿಡಿಯ ತಳಕ್ಕೆ ಅಂಗೈಯಿಂದ ತಟ್ಟಿ. ಅಲಗು ತನ್ನ ಭಾರಕ್ಕೇ ಒಳಗೆ ಇಳಿದು ಕೂರುತ್ತದೆ. ಬೆಣೆಯ ತೂತಿನೊಳಗೆ ಬೆಳಕು ಹಾಯ್ದು ಕಂಡರೆ ಸರಿಯಾಗಿ ಕೂತಿದೆ. ಅರ್ಧ ಕಂಡರೆ ಇನ್ನೊಮ್ಮೆ ತಟ್ಟಿ. ಬೆಣೆ ಹೊಡೆದು ದಾರಿ ಮಾಡಬೇಡಿ.

ಬೆಣೆಯ ಸಣ್ಣ ತುದಿ ಮೊದಲು ಒಳಗೆ. ಬೆರಳಿನಿಂದ ಮುಕ್ಕಾಲು ಭಾಗ ಹೋಗಿ, ಉಳಿದದ್ದಕ್ಕೆ ಹಗುರ ಪೆಟ್ಟು ಬೇಕಾಗಬೇಕು. ಬೆರಳಿನಿಂದಲೇ ಪೂರ್ತಿ ಹೋದರೆ ಬೆಣೆ ಸವೆದಿದೆ. ಬಿರುಕು ಬಿಟ್ಟಿದ್ದರೆ, ಒಂದು ಕಡೆ ಜಜ್ಜಿದ್ದರೆ ಬದಲಿಸಿ. ಚೆನ್ನಾಗಿ ಬಲಿತು ಒಣಗಿದ ಬಿದಿರು ಮಾತ್ರ ಆಗಬಹುದು. ಕಬ್ಬಿಣದ ಮೊಳೆ, ಐಸ್‌ಕ್ರೀಂ ಕಡ್ಡಿ, ಅಂಟು ಯಾವುದೂ ಬೇಡ. ಮೊಳೆ ಬಾಲದ ತೂತನ್ನು ತಿನ್ನುತ್ತದೆ. ಇಡೀ ಅಲಗನ್ನು ಹಿಡಿಯಲ್ಲಿ ಹಿಡಿದಿಡುವುದು ಈ ಚಿಕ್ಕ ತುಂಡು.

ಕೊನೆಗೆ ಒರೆಯನ್ನು ತಲೆಕೆಳಗಾಗಿ ಹಿಡಿದು ಟವೆಲ್ ಮೇಲೆ ಮೆಲ್ಲಗೆ ತಟ್ಟಿ ದೂಳು ಬೀಳಿಸಿ. ಆಮೇಲೆ ಹರಿತ ಮೇಲೆ ಮಾಡಿ, ತುದಿಯ ಬೆನ್ನನ್ನು ಒರೆಯ ಬಾಯಿಗೆ ಒರಗಿಸಿ, ಬೆನ್ನಿನ ಮೇಲೇ ಜಾರಿಸುತ್ತಾ ಒಳಗೆ ಬಿಡಿ.

ಇಡುವ ಜಾಗ ಮತ್ತು ಮಳೆಗಾಲ

ಅಡ್ಡಲಾಗಿ, ಹರಿತ ಮೇಲೆ ಬರುವಂತೆ ಸ್ಟ್ಯಾಂಡಿನ ಮೇಲೆ ಇಡಿ. ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ತುದಿಗೆ ಇಳಿದು ಬುಡ ಒಣಗುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ತಾಗಿಸಿ ಇಡಬೇಡಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಆ ಗೋಡೆ ಒಳಗಿನಿಂದಲೂ ಬೆವರುತ್ತದೆ. ಪ್ಲಾಸ್ಟಿಕ್ ಚೀಲ ಇನ್ನೂ ಕೆಟ್ಟದ್ದು, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹತ್ತಿ ಅಥವಾ ರೇಷ್ಮೆ ಬಟ್ಟೆಯ ಚೀಲ ಒಳ್ಳೆಯದು.

ಜಪಾನಿನಲ್ಲಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಲು ಹೇಳುತ್ತಾರೆ. ಮೈಸೂರು, ಬೆಂಗಳೂರಿನ ಒಣ ತಿಂಗಳುಗಳಿಗೆ ಮೂರು ತಿಂಗಳ ಲೆಕ್ಕ ಸರಿ. ಮಂಗಳೂರು, ಕಾರವಾರದಲ್ಲಿ ಗಾಳಿಯಲ್ಲೇ ಉಪ್ಪಿದೆ, ಉಪ್ಪು ಸ್ಟೇನ್‌ಲೆಸ್ ಸ್ಟೀಲಿಗೂ ಚುಕ್ಕೆ ಗುಂಡಿ ತೋಡುತ್ತದೆ. ಅಲ್ಲಿ ಮೃಗಶಿರಾ ಮಳೆ ಹಿಡಿಯುವ ಮುಂಚೆ ಒಮ್ಮೆ ಪೂರ್ತಿ ಕೆಲಸ ಮಾಡಿ. ಮಳೆ ಮುಗಿಯುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ 3, 5, 6, 8ನೇ ಹಂತ ಮಾಡಿ. ಪ್ರತಿ ಸಲ ಬಿಚ್ಚುವುದು ಬೇಡ, ಪದೇ ಪದೇ ಬಿಚ್ಚಿದರೆ ಬೆಣೆ ಸವೆಯುತ್ತದೆ. ವರ್ಷಕ್ಕೊಮ್ಮೆ ಸಾಕು. ಗಾಜಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಬಹುದು, ಆದರೆ ಅತಿಯಾಗಿ ಒಣಗಿಸಬೇಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒರೆಯ ಮರವೇ ಸೀಳುತ್ತದೆ. ಗಾಳಿಯ ತೇವ 45ರಿಂದ 55 ಪ್ರತಿಶತ ಇದ್ದರೆ ಲೋಹಕ್ಕೂ ಮರಕ್ಕೂ ಹಿತ. ಅಳೆಯುವ ಚಿಕ್ಕ ಯಂತ್ರ ಅಗ್ಗಕ್ಕೆ ಸಿಗುತ್ತದೆ.

ಕಾನೂನಿನ ವಿಷಯ ಚಿಕ್ಕದಾಗಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕತ್ತಿಯೂ ಶಸ್ತ್ರ. ಪರವಾನಗಿ ಬೇಕೇ ಎಂಬುದು ನಿಮ್ಮ ಪ್ರದೇಶಕ್ಕೆ ಹೊರಡಿಸಿದ ಅಧಿಸೂಚನೆ ಮೇಲೆ ನಿಂತಿದೆ. ಪೊಲೀಸ್ ಠಾಣೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಹೊರಗೆ ಹಿಡಿದು ಓಡಾಡಬೇಡಿ. ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿ ನಿಜವಾದ ಕತ್ತಿ ಕೊಂಡರೆ ಅದರ ನೋಂದಣಿ ಪತ್ರ ಕತ್ತಿಯ ಜೊತೆಗೇ ಇರಬೇಕು. ಕೊಂಡ 20 ದಿನದೊಳಗೆ ಆ ಪತ್ರ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ತಿಳಿಸಬೇಕು. ದೇಶದಿಂದ ಹೊರಗೆ ತರಲು ಅಲ್ಲಿನ ಸಂಸ್ಕೃತಿ ಇಲಾಖೆಯ ಪತ್ರ ಬೇರೆ ಬೇಕು.

ಆಯುಧ ಪೂಜೆಯ ದಿನ

ಮನೆಯಲ್ಲಿ ಕತ್ತಿ ಇದ್ದ ಮೇಲೆ ಆಯುಧ ಪೂಜೆಗೆ ಅದನ್ನು ಇಡದೆ ಇರಲು ಮನಸ್ಸು ಬರುವುದಿಲ್ಲ. ಇಡಿ, ಖಂಡಿತ ಇಡಿ. ಆದರೆ ಒರೆಯಲ್ಲೇ ಇಡಿ. ಅರಿಶಿನ, ಕುಂಕುಮ, ಗಂಧವನ್ನು ನೀರಿನಲ್ಲಿ ಕಲಸಿ ಅಲಗಿಗೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ, ಬೊಟ್ಟು ಇಟ್ಟ ಜಾಗದಲ್ಲೇ ತುಕ್ಕಿನ ಬೊಟ್ಟು ಉಳಿಯುತ್ತದೆ. ಹೂವಿನ ತೇವ, ಕೊಯ್ದ ನಿಂಬೆಹಣ್ಣಿನ ರಸಕ್ಕೂ ಇದೇ ಮಾತು. ಬೊಟ್ಟನ್ನು ಸ್ಟ್ಯಾಂಡಿನ ಮರಕ್ಕೆ ಇಡಿ, ಹೂವನ್ನು ಸ್ಟ್ಯಾಂಡಿನ ಮುಂದೆ ಇಡಿ. ಮನೆಯ ಹಿರಿಯರು ಅಲಗಿಗೇ ಹಚ್ಚಬೇಕು ಎಂದರೆ ಒಣ ಕುಂಕುಮವನ್ನು ಹಬಾಕಿಯ ಮೇಲೆ ಚಿಟಿಕೆಯಷ್ಟು ಇಡಿಸಿ. ಮಂಗಳಾರತಿ ಆಗಿ ಒಂದು ಗಂಟೆಯೊಳಗೆ ಒರೆಸಿ, 5ನೇ ಹಂತದಿಂದ ಮತ್ತೆ ಶುರು ಮಾಡಿ. ಬೆಳಗಿನವರೆಗೆ ಕಾಯಬೇಡಿ.